ಚಿಂಚೋಳಿ ಕಾಡಿನಲ್ಲಿ ವಾಂಡಾ ಹೂವು

ಆರ್ಕಿಡ್ ನೋಡಬೇಕು ಅಂದರೆ ಕೊಡಗಿಗೋ ಮಲೆನಾಡಿಗೋ ಹೋಗಿ ಅಂತಾರೆ. ನಾವು ಹೊರಟಿದ್ದು ಕಲಬುರಗಿ ಜಿಲ್ಲೆಯ ಚಿಂಚೋಳಿಗೆ, ಜೂನ್ ಮೊದಲ ವಾರ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ತೊಗರಿ ಬಿತ್ತನೆಗೆ ಹರಗಿಟ್ಟ ಎರೆ ಹೊಲಗಳು. ಚಿಂಚೋಳಿ ಹತ್ತಿರವಾದಂತೆ ನೆಲ ಕೆಂಪಾಗುತ್ತದೆ, ಜಂಬಿಟ್ಟಿಗೆ ಕಲ್ಲು ಕಾಣುತ್ತದೆ, ಕಾಡು ಶುರುವಾಗುತ್ತದೆ. 2011ರಲ್ಲಿ ಇದು ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್.

ಅನುಮತಿ ಪಡೆದು, ಚಂದ್ರಂಪಳ್ಳಿ ಜಲಾಶಯದ ಕಡೆ ನಡೆದೆವು. ಜೊತೆಗಿದ್ದ ಅರಣ್ಯ ಕಾವಲುಗಾರರು ಒಂದು ಹಳೇ ಮಾವಿನ ಮರದ ಕೆಳಗೆ ನಿಂತು ಮೇಲೆ ಕೈ ತೋರಿಸಿದರು. ಕವಲಿನಲ್ಲಿ ವಾಂಡಾ ಟೆಸಲೇಟಾ ಅನ್ನೋ ಆರ್ಕಿಡ್! ದಪ್ಪ ಎಲೆಗಳು ಉದ್ದಕ್ಕೆ ಮಡಚಿಕೊಂಡಿವೆ. ನಡುವಿನಿಂದ ಹೊರಟ ಒಂದೇ ಕಡ್ಡಿಯಲ್ಲಿ ಆರು ಹೂವು. ಹಳದಿ ಮಿಶ್ರಿತ ಹಸಿರು ಎಸಳಿನ ಮೇಲೆ ಕಂದು ಚೌಕುಳಿ, ಹಿಂಬದಿ ಬಿಳಿ, ಮುಂದೆ ಚಾಚಿದ ತುಟಿ ನೇರಳೆ. ತಗ್ಗಿದ ಕೊಂಬೆಯೊಂದರಲ್ಲೂ ಹೂ ಬಿಟ್ಟಿತ್ತು. ಮೂಗು ಹತ್ತಿರ ಒಯ್ದರೆ ಸಿಹಿ ವಾಸನೆ.

"ಬದನಿಕೆ ಅಂತ ತಿಳಿದು ಕಿತ್ತು ಒಗೀತಾರ್ರಿ. ಗಿಡಕ್ಕ ಏನೂ ತ್ರಾಸ ಕೊಡಂಗಿಲ್ರಿ ಇದು" ಅಂದರು ಅವರು. ಅವರ ಮಾತು ನಿಜ. ಬದನಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ವಾಂಡಾ ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಅದರ ದಪ್ಪ ಬೇರುಗಳು ಗಾಳಿಯಲ್ಲೇ ಜೋತಾಡುತ್ತವೆ. ಒಣಗಿದ್ದಾಗ ಬೂದು ಬಣ್ಣ. ಬಾಟಲಿಯಿಂದ ಒಂದರ ಮೇಲೆ ಸ್ವಲ್ಪ ನೀರು ಹನಿಸಿದೆ, ನೋಡನೋಡುತ್ತಲೇ ಹಸಿರಾಯಿತು! ಬೇರಿನ ಹೊರಗಿನ ಸ್ಪಂಜಿನಂಥ ಪದರ ಮಳೆನೀರು, ಇಬ್ಬನಿಯನ್ನು ಹೀರಿಟ್ಟುಕೊಳ್ಳುತ್ತದೆ. ಇನ್ನೂ ದೊಡ್ಡ ಉಪಾಯ ಎಲೆಯಲ್ಲಿದೆ. ಹೆಚ್ಚಿನ ಗಿಡಗಳು ಹಗಲು ತೆರೆಯುವ ಉಸಿರಾಟದ ರಂಧ್ರಗಳನ್ನು ಇದು ರಾತ್ರಿಯ ತಂಪಲ್ಲಿ ಜಾಸ್ತಿ ತೆರೆಯುತ್ತದೆ. ಹೀಗಾಗಿ ನಮ್ಮ ಮೇ ತಿಂಗಳ ಬಿಸಿಲಲ್ಲೂ ನೀರು ಉಳಿಸಿಕೊಳ್ಳುತ್ತದೆ. ಈ ಬಿಸಿಲು ನಾಡಿಗೇ ಹೊಂದಿಕೊಂಡ ಹೂವು ಇದು, ಹೊರಗಿನದಲ್ಲ.

ಇದರ ಬೇರನ್ನು ಕೆಲವು ಕಡೆ ಕೀಲುನೋವಿನ ಔಷಧಿಗೆ ಕೀಳುತ್ತಾರೆ. ಅದು ನನಗೆ ಸಂಕಟದ ವಿಷಯ. ಧೂಳಿನಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಆಹಾರವೇ ಇರುವುದಿಲ್ಲ, ತೊಗಟೆಯ ಮೇಲೆ ಸರಿಯಾದ ಶಿಲೀಂಧ್ರ ಸಿಕ್ಕರೆ ಮಾತ್ರ ಬೆಳೆಯುತ್ತದೆ. ಹೂ ಬಿಡೋಕೆ ವರ್ಷಗಳೇ ಬೇಕು. ಒರಟು ತೊಗಟೆಯ ಹಳೇ ಮಾವು, ಇಪ್ಪೆ ಮರಗಳು ಉಳಿಯಬೇಕು, ಅಲ್ವಾ?

ಮಧ್ಯಾಹ್ನ ಎತ್ತಿಪೋತೆ ಜಲಪಾತಕ್ಕೂ ಹೋದೆವು. ನೀರು ಇನ್ನೂ ಬಂದಿರಲಿಲ್ಲ. ಜಲಪಾತಕ್ಕಾದರೆ ಮಳೆ ಚೆನ್ನಾಗಿ ಹಿಡಿದ ಮೇಲೆ ಬನ್ನಿ. ವಾಂಡಾ ನೋಡೋದಾದರೆ ಮೇ, ಜೂನ್‌ನಲ್ಲೇ ಬರಬೇಕು, ಬೆಳಿಗ್ಗೆ ಬೇಗ, ಕುಡಿಯೋ ನೀರು ಜಾಸ್ತಿ ಇಟ್ಟುಕೊಂಡು.