ಇಷ್ಟವಾಗದ ಸಾಲು ವರದಿಯಲ್ಲಿ ಉಳಿಯಬೇಕಾದರೆ

ಪರಿಸರ ಮತ್ತು ಸಾಮಾಜಿಕ ಸುಸ್ಥಿರತೆಯ ಸಲಹಾ ಕೆಲಸದಲ್ಲಿ ಶುಲ್ಕ ಕೊಡುವವರು ಒಬ್ಬರು, ವರದಿಯ ಫಲ ಉಣ್ಣುವವರು ಇನ್ನೊಬ್ಬರು. ಹಣ ಯೋಜನೆ ಕಟ್ಟುವ ಕಂಪನಿಯದು. ಬಣ್ಣ ತಿರುಗುವ ಬಾವಿ ನೀರು ಪಕ್ಕದ ಊರಿನವರದು. ಹಣಕಾಸಿನ ಲೆಕ್ಕಪರಿಶೋಧಕರಿಗೂ ಇಂಥ ಇಕ್ಕಟ್ಟು ಉಂಟು, ಆದರೆ ಅವರಿಗೆ ಶತಮಾನಕ್ಕೂ ಮಿಕ್ಕಿದ ಕಟ್ಟುಪಾಡುಗಳ ಆಸರೆ ಇದೆ. ನಮ್ಮ ಕ್ಷೇತ್ರ ಇನ್ನೂ ಎಳೆಯದು. ಆದ್ದರಿಂದ ಸಲಹಾ ಸಂಸ್ಥೆ ತನ್ನ ಕಟ್ಟುಪಾಡನ್ನು ತಾನೇ ಹಾಕಿಕೊಳ್ಳಬೇಕು. ಹಣ ಕೊಟ್ಟವರಿಗೆ ಹಿಡಿಸದ ಒಂದು ಸಾಲು ಅಂತಿಮ ವರದಿಯವರೆಗೂ ಬದುಕುಳಿಯುತ್ತದೆಯೇ ಎಂಬುದು ಕೊನೆಯ ವಾರದ ಧೈರ್ಯದಿಂದ ತೀರ್ಮಾನವಾಗುವುದಿಲ್ಲ. ಕರಾರು ಬರೆದ ದಿನ, ದಿನಗಳ ಲೆಕ್ಕ ಹಾಕಿದ ದಿನ, ನೀರಿನ ಬಾಟಲಿಗೆ ಚೀಟಿ ಅಂಟಿಸಿದ ಗಳಿಗೆಯಲ್ಲೇ ಅದು ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಕರಾರಿನಿಂದಲೇ ಶುರು ಮಾಡೋಣ. ಶುಲ್ಕದ ಕಂತುಗಳನ್ನು ಸಹಿಯಾದಾಗ ಶೇ. 30, ಕ್ಷೇತ್ರಕಾರ್ಯ ಮುಗಿದಾಗ ಶೇ. 40, ಕರಡು ಕೊಟ್ಟಾಗ ಶೇ. 20, ಅಂತಿಮ ವರದಿ ಕೊಟ್ಟಾಗ ಶೇ. 10 ಎಂದು ಹಂಚಿದರೆ ಉಸಿರಾಡಲು ಜಾಗ ಇರುತ್ತದೆ. ಇಲ್ಲಿ ಒಂದು ಪದದ ಮೇಲೆ ಕಣ್ಣಿರಲಿ: ‘ಸಲ್ಲಿಸಿದಾಗ’ ಎಂದಿರಬೇಕು, ‘ಒಪ್ಪಿಗೆಯಾದಾಗ’ ಎಂದಿರಬಾರದು. ಕೊನೆಯ ದೊಡ್ಡ ಕಂತು ಒಪ್ಪಿಗೆಗೆ ಗಂಟುಬಿದ್ದಿದ್ದರೆ, ಆ ತಿಂಗಳ ಸಂಬಳ ಕೊಡಬೇಕಾದ ಸಂಸ್ಥೆಯ ವರದಿಯಲ್ಲಿ ‘ಗಂಭೀರ’ ಇದ್ದದ್ದು ‘ಮಧ್ಯಮ’ ಆಗುತ್ತದೆ. ಯಾರೂ ಬೆದರಿಸಬೇಕಿಲ್ಲ, ಬಿಲ್ಲು ತಡವಾದರೆ ಸಾಕು.

ಕರಡಿನ ಮೇಲೆ ಎರಡೇ ಸುತ್ತು ಟಿಪ್ಪಣಿ, ಎರಡೂ ಬರಹದಲ್ಲಿ. ಪ್ರತಿ ಟಿಪ್ಪಣಿಗೂ ಕ್ರಮಸಂಖ್ಯೆ, ಪುಟ, ನಮ್ಮ ಉತ್ತರ, ಬದಲಾಯಿಸಿದೆವೋ ಇಲ್ಲವೋ, ಏಕೆ ಎಂಬುದು ಒಂದು ಕೋಷ್ಟಕದಲ್ಲಿ ಇರಲಿ. ಅಂಕಿ ತಪ್ಪಿದ್ದರೆ ದಾಖಲೆ ತೋರಿಸಿ ತಿದ್ದಿಸಬಹುದು. ತೀರ್ಮಾನ ಮಾತ್ರ ನಮ್ಮದು ಎಂಬ ವಾಕ್ಯ ಕರಾರಿನಲ್ಲೇ ಕೂರಬೇಕು. ಫೋನಿನಲ್ಲಿ ಬಂದ ‘ಸ್ವಲ್ಪ ನೋಡಿ’ ಎಂಬ ಮಾತನ್ನು ಅದೇ ದಿನ ಇಮೇಲಿನಲ್ಲಿ ಬರೆದು ವಾಪಸ್ ಕಳಿಸಿದರೆ, ಅಂಥ ಮಾತುಗಳ ಅರ್ಧದಷ್ಟು ಅಲ್ಲಿಗೇ ನಿಲ್ಲುತ್ತವೆ.

ಇನ್ನು ವ್ಯಾಪ್ತಿ. ಏನು ನೋಡುತ್ತೇವೆ ಎಂಬುದಕ್ಕಿಂತ ಏನು ನೋಡುವುದಿಲ್ಲ ಎಂಬುದನ್ನು ಬಿಡಿಸಿ ಬರೆಯಬೇಕು, ಮತ್ತು ಅದನ್ನು ವರದಿಯ ಮೊದಲ ಎರಡು ಪುಟಗಳಲ್ಲೇ ಹಾಕಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಆ ಕಟ್ಟಡದ ಕೆಲವು ಉಡುಪು ಕಾರ್ಖಾನೆಗಳು ಅದಕ್ಕೂ ಮುಂಚೆಯೇ ಸಾಮಾಜಿಕ ಆಡಿಟ್ (ಕೆಲಸಗಾರರ ಸ್ಥಿತಿಗತಿಯ ತಪಾಸಣೆ) ಮುಗಿಸಿದ್ದವು. ಕಟ್ಟಡದ ಗಟ್ಟಿತನ ಆ ಆಡಿಟ್‌ಗಳ ವ್ಯಾಪ್ತಿಯಲ್ಲಿ ಇರಲಿಲ್ಲ. ವ್ಯಾಪ್ತಿಯಿಂದ ಹೊರಗಿಟ್ಟದ್ದನ್ನು ದಪ್ಪಕ್ಷರದಲ್ಲಿ ಹೇಳದಿದ್ದರೆ, ಓದುವ ಬ್ಯಾಂಕಿನವರೂ ಖರೀದಿದಾರರೂ ಎಲ್ಲವನ್ನೂ ನೋಡಿದ್ದಾರೆ ಎಂದೇ ತಿಳಿಯುತ್ತಾರೆ.

ಬೆಲೆ ಕಟ್ಟುವುದೂ ಸ್ವತಂತ್ರವಾಗಿ ಉಳಿಯುವ ಪ್ರಶ್ನೆಯೇ. ವರ್ಷದ 365 ದಿನಗಳಲ್ಲಿ ವಾರಾಂತ್ಯದ 104, ರಜೆ ಮತ್ತು ಅನಾರೋಗ್ಯಕ್ಕೆ ಸುಮಾರು 35 ಕಳೆದರೆ ಉಳಿಯುವುದು 226. ಪ್ರಸ್ತಾವನೆ ಬರೆಯುವುದು, ಕಲಿಯುವುದು, ಬಿಲ್ ವಸೂಲಿ ಮುಂತಾದ ಕೆಲಸ ಕಳೆದು ಒಬ್ಬರ ದಿನಗಳಲ್ಲಿ ಶೇ. 60-65ರಷ್ಟಕ್ಕೆ ಶುಲ್ಕ ಹಾಕಲು ಸಾಧ್ಯವಾದರೆ ಅದೇ ಒಳ್ಳೆಯ ವರ್ಷ. ಅಂದರೆ 140 ದಿನದ ಆಸುಪಾಸು. ಸಂಸ್ಥೆಯ ಒಟ್ಟು ಖರ್ಚನ್ನು ಈ ದಿನಗಳಿಂದಲೇ ಭಾಗಿಸಬೇಕು, 226ರಿಂದಲ್ಲ. ಹೊಸ ಸಂಸ್ಥೆಗಳು ಎಡವುವುದು ಇಲ್ಲೇ. ಕಡಿಮೆ ಬೆಲೆಗೆ ಕೆಲಸ ಹಿಡಿಯುತ್ತಾರೆ, ಹಣ ಸಾಲದಾದಾಗ ಮೊದಲು ಕತ್ತರಿಸುವುದು ಕ್ಷೇತ್ರದ ದಿನಗಳನ್ನು. ಆಮೇಲೆ ಕಂಪನಿ ಕೊಟ್ಟ ಕಾಗದಗಳಿಂದಲೇ ವರದಿ ಹೆಣೆಯಬೇಕಾಗುತ್ತದೆ. ಕ್ಷೇತ್ರದಲ್ಲಿ ಕಳೆದ ಒಂದು ದಿನಕ್ಕೆ ಕಚೇರಿಯಲ್ಲಿ ಎರಡು ದಿನ ಎಂದು ಲೆಕ್ಕ ಹಿಡಿಯುವುದು ನ್ಯಾಯ. ಒಬ್ಬರೇ ಗ್ರಾಹಕರಿಂದ ವರಮಾನದ ಕಾಲು ಭಾಗಕ್ಕಿಂತ ಹೆಚ್ಚು ಬರುತ್ತಿದ್ದರೆ ಅವರಿಗೆ ‘ಇಲ್ಲ’ ಎನ್ನುವ ಶಕ್ತಿ ಕುಗ್ಗಿದೆ ಎಂದೇ ಅರ್ಥ. ತಾವೇ ತಯಾರಿಸಿದ ಲೆಕ್ಕವನ್ನು ತಾವೇ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಕೆಲಸವನ್ನಂತೂ ಮುಟ್ಟಲೇಬಾರದು.

ಇಂಗಾಲದ ಲೆಕ್ಕ ಕೇಳುವ ಗ್ರಾಹಕರು ಈಗ ಬಹಳ. ಜಿಎಚ್‌ಜಿ ಪ್ರೋಟೋಕಾಲ್ (ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತು ಬಳಸುವ ಮಾನದಂಡ) ಇದನ್ನು ಮೂರು ಸ್ಕೋಪ್‌ಗಳಾಗಿ ವಿಂಗಡಿಸುತ್ತದೆ: ಸ್ವಂತ ಉರುವಲು ಮತ್ತು ಸೋರಿಕೆ, ಕೊಂಡ ವಿದ್ಯುತ್, ಮತ್ತು 15 ವರ್ಗಗಳಲ್ಲಿ ಹರಡಿರುವ ಉಳಿದದ್ದೆಲ್ಲ. ಸೂತ್ರ ಸುಲಭ, ತಪ್ಪುಗಳು ಮೂಲ ಅಂಕಿಗಳಲ್ಲಿ ಅಡಗಿರುತ್ತವೆ. ಕೊಂಡ ಡೀಸೆಲ್ಲನ್ನೇ ಉರಿಸಿದ ಡೀಸೆಲ್ ಎಂದು ಬರೆಯುವುದು, ಕಿಲೋವ್ಯಾಟ್ ಅವರ್ ಇರಬೇಕಾದಲ್ಲಿ ಮೆಗಾವ್ಯಾಟ್ ಅವರ್, ಲೀಟರಿನ ಗುಣಕವನ್ನು (ಒಂದು ಅಳತೆ ಇಂಧನದಿಂದ ಎಷ್ಟು ಇಂಗಾಲ ಹೊರಬರುತ್ತದೆ ಎಂಬ ಅಂಕಿ) ಕಿಲೋಗ್ರಾಂಗೆ ಹಚ್ಚುವುದು, 12 ತಿಂಗಳ ಬದಲು 11 ಬಿಲ್. ಇವು ಹೆಚ್ಚೂ ಕಡಿಮೆ ಪ್ರತಿ ಲೆಕ್ಕದಲ್ಲೂ ಸಿಗುತ್ತವೆ.

ಜನರೇಟರ್ ಕೋಣೆಯ ಡೀಸೆಲ್ ವಹಿಯನ್ನು ಕೈಗೆತ್ತಿಕೊಂಡು ನೋಡಿ. ಪ್ರತಿ ಸಾಲಿನಲ್ಲೂ 50, 100, 150 ಎಂಬ ದುಂಡು ಅಂಕಿಗಳೇ ಇದ್ದರೆ, ತಿಂಗಳಿಡೀ ಒಂದೇ ಪೆನ್ನಿನ ಒಂದೇ ಗಾಢತೆಯ ಶಾಯಿ ಇದ್ದರೆ, ಅದು ದಿನವೂ ಬರೆದ ವಹಿಯಲ್ಲ, ತಿಂಗಳ ಕೊನೆಗೆ ಕೂತು ತುಂಬಿದ್ದು. ಪರೀಕ್ಷೆ ಸರಳ: ಯಂತ್ರದ ಗಂಟೆ ಮೀಟರಿನ ಆರಂಭ ಮತ್ತು ಅಂತ್ಯದ ಓದು ತೆಗೆದುಕೊಳ್ಳಿ, ಸರಾಸರಿ ಹೊರೆಯಲ್ಲಿ ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತದೆ ಎಂಬುದರಿಂದ ಗುಣಿಸಿ, ಟ್ಯಾಂಕಿನೊಳಗೆ ಅಳತೆ ಕೋಲು ಇಳಿಸಿ ಉಳಿಕೆ ನೋಡಿ. ವಹಿ, ಮೀಟರಿನ ಲೆಕ್ಕ, ಉಳಿಕೆಯ ಲೆಕ್ಕ ಮೂರೂ ಶೇ. 10ರೊಳಗೆ ಹೊಂದಿದರೆ ಮುಂದೆ ಹೋಗಬಹುದು. ಹೊಂದದಿದ್ದರೆ ವಹಿಯ ಅಂಕಿಯನ್ನು ಬಳಸಬೇಡಿ, ಬಳಸದ ಕಾರಣವನ್ನು ಬರೆಯಿರಿ.

ಎಲ್ಲರೂ ಮರೆಯುವುದು ಹವಾನಿಯಂತ್ರಣದ ಅನಿಲವನ್ನು. ಒಂದು ವರ್ಷದಲ್ಲಿ ಆರ್-410ಎ 12 ಕಿಲೋ ತುಂಬಿಸಿದ್ದಾರೆ ಎಂದುಕೊಳ್ಳಿ, ತುಂಬಿಸಿದ್ದಷ್ಟೂ ಸೋರಿದ್ದೇ. ಐಪಿಸಿಸಿ, ಅಂದರೆ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯ ನಾಲ್ಕನೇ ವರದಿಯ ಗುಣಕ 2,088 (ಒಂದು ಕಿಲೋ ಅನಿಲ ಇಷ್ಟು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ ಎಂಬ ಅಂಕಿ) ಹಿಡಿದರೆ ಅದು ಸುಮಾರು 25 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಲೀಟರಿಗೆ 2.68 ಕಿಲೋ ಲೆಕ್ಕದಲ್ಲಿ ಇಷ್ಟು ಹೊರಬರಬೇಕಾದರೆ 9,300 ಲೀಟರ್ ಡೀಸೆಲ್ ಉರಿಯಬೇಕು. ಈ 12 ಕಿಲೋ ಯಾವ ಇಂಧನ ಬಿಲ್ಲಿನಲ್ಲೂ ಕಾಣುವುದಿಲ್ಲ, ನಿರ್ವಹಣೆಯ ಗುತ್ತಿಗೆದಾರರ ಸರ್ವಿಸ್ ಚೀಟಿಯಲ್ಲಿ ಮಾತ್ರ ಇರುತ್ತದೆ. ಆ ಚೀಟಿಗಳನ್ನು ಮೊದಲ ದಿನವೇ ಕೇಳಿ. ಯಾವ ಐಪಿಸಿಸಿ ವರದಿಯ ಗುಣಕ ಎಂಬುದನ್ನು ಪ್ರತಿ ಕೋಷ್ಟಕದ ಕೆಳಗೆ ಬರೆಯದಿದ್ದರೆ ಮುಂದಿನ ವರ್ಷದ ಹೋಲಿಕೆಯೇ ಕೆಟ್ಟುಹೋಗುತ್ತದೆ.

ನೀರಿನ ಮಾದರಿಯಲ್ಲಿ ಪದೇ ಪದೇ ಆಗುವ ತಪ್ಪು ಒಂದೇ ಬಾಟಲಿಯಿಂದ ಎಲ್ಲ ಪರೀಕ್ಷೆ ಮಾಡಿಸುವುದು. ಲೋಹಗಳಿಗೆ ತೆಗೆದ ನೀರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತರಬೇಕು. ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಬಾಟಲಿಗೆ ಆಮ್ಲ ಸೋಕಲೇಬಾರದು, ಅದು ಹೆಪ್ಪುಗಟ್ಟದಂತೆ 6 ಡಿಗ್ರಿಯ ಒಳಗಿದ್ದು 48 ಗಂಟೆಯೊಳಗೆ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಇಳಿಯಬೇಕು. ಶಬ್ದದ ಮೀಟರನ್ನು ಅಳತೆಗೆ ಮುಂಚೆ ಮತ್ತು ನಂತರ ಕ್ಯಾಲಿಬ್ರೇಟರ್ (ಗೊತ್ತಿರುವ ಮಟ್ಟದ ಶಬ್ದ ಹೊರಡಿಸುವ ಉಪಕರಣ) ಹಚ್ಚಿ ನೋಡಿ. ಎರಡರ ನಡುವೆ 0.5 ಡೆಸಿಬೆಲ್‌ಗಿಂತ ಹೆಚ್ಚು ಅಂತರ ಬಂದರೆ ಆ ಅಳತೆಯೇ ಬೇಡ. ಕೈಯಿಂದ ಕೈಗೆ ಮಾದರಿ ದಾಟಿದ ಹೊತ್ತು ಬರೆದ ಚೀಟಿ ಇಲ್ಲದಿದ್ದರೆ, ಕಂಪನಿಯವರು ಒಪ್ಪದ ಫಲಿತಾಂಶವನ್ನು ಒಂದೇ ಪ್ರಶ್ನೆಯಲ್ಲಿ ಹೊಡೆದುಹಾಕುತ್ತಾರೆ. ಆಗ ಬಾಯಿ ಕಟ್ಟುತ್ತದೆ, ಮತ್ತು ನಷ್ಟ ಆ ನೀರು ಕುಡಿಯುವವರದು.

ಸಾಮಾಜಿಕ ಭಾಗ ಇದಕ್ಕಿಂತ ಕಷ್ಟದ್ದು, ಆದರೆ ಬಜೆಟ್ಟಿನಲ್ಲಿ ಇದಕ್ಕೇ ಯಾವಾಗಲೂ ಕಡಿಮೆ ದಿನ. ಅಭಿಪ್ರಾಯ ಸಮೀಕ್ಷೆಗೆ ಮಾದರಿ ಸಾಕು. 500 ಮನೆಗಳಿದ್ದರೆ ಶೇ. 95ರ ವಿಶ್ವಾಸ, ಶೇ. 5ರ ದೋಷಮಿತಿಗೆ 217 ಮನೆ. ಆದರೆ ಜಾಗ ಬಿಟ್ಟು ಏಳಬೇಕಾದವರ ವಿಚಾರ ಬಂದಾಗ ಮಾದರಿ ನಡೆಯುವುದಿಲ್ಲ, ನೂರಕ್ಕೆ ನೂರು ಗಣತಿಯೇ ಆಗಬೇಕು. ಬಿಟ್ಟುಹೋದ ಒಂದು ಮನೆ ಎಂದರೆ ಪರಿಹಾರವಿಲ್ಲದೆ ಬೀದಿಗೆ ಬಂದ ಒಂದು ಮನೆ. ಗಣತಿಯ ಗಡುವಿನ ದಿನಾಂಕವನ್ನು ಜನ ಓಡಾಡುವ ಕಡೆ ಬರೆದು ಹಚ್ಚಬೇಕು, ಹಚ್ಚಿದ್ದರ ದಿನಾಂಕವಿರುವ ಫೋಟೋ ಇಟ್ಟುಕೊಳ್ಳಬೇಕು.

ಜಮೀನಿನ ದಾಖಲೆ ಹಿಡಿದು ಹೊರಟರೆ ಮಾಲೀಕರು ಸಿಗುತ್ತಾರೆ. ಗೇಣಿದಾರರು, ದನ ಮೇಯಿಸುವವರು, ಸೌದೆ ಆಯುವವರು, ಬೇಲಿಯಂಚಿನ ಚಹಾ ಅಂಗಡಿಯವರು ಸಿಗುವುದಿಲ್ಲ. ವಿಶ್ವಬ್ಯಾಂಕ್ ಸಮೂಹದ ಅಂತಾರಾಷ್ಟ್ರೀಯ ಹಣಕಾಸು ನಿಗಮದ 2012ರ ಎಂಟು ಕಾರ್ಯಮಾನದಂಡಗಳಲ್ಲಿ ಐದನೆಯದು ಹಕ್ಕುಪತ್ರವಿಲ್ಲದೆ ವಾಸವಿರುವವರನ್ನೂ ಬಾಧಿತರೆಂದೇ ಎಣಿಸುತ್ತದೆ, ಆಸ್ತಿಗೆ ಬದಲಿ ಕೊಳ್ಳಲು ತಗಲುವಷ್ಟು ಪರಿಹಾರ ಬೇಕೆನ್ನುತ್ತದೆ. ಹಾಗಾಗಿ ಜಾಗವನ್ನು ಬೆಳಗಿನ ಜಾವ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ, ಎರಡು ಬೇರೆ ಋತುಗಳಲ್ಲೂ ನಡೆದು ನೋಡಬೇಕು. ಒಣ ಬೇಸಗೆಯಲ್ಲಿ ಬರಡಾಗಿ ಕಾಣುವ ನೆಲ ಮಳೆಗಾಲದಲ್ಲಿ ಹತ್ತಾರು ಮನೆಗಳ ಮೇವಿನ ಆಧಾರವಾಗಿರುತ್ತದೆ.

ಸಭೆಯಲ್ಲಿ ಎಷ್ಟು ಜನ ಸೇರಿದರು ಎಂಬ ಅಂಕಿಗೆ ಬೆಲೆ ಕಡಿಮೆ. ಹೆಂಗಸರ ಸಭೆ ಬೇರೆಯೇ ಆಗಬೇಕು, ಕೇಳುವವರೂ ಬರೆದುಕೊಳ್ಳುವವರೂ ಹೆಂಗಸರೇ ಆಗಿರಬೇಕು, ಅಡುಗೆ ಮತ್ತು ನೀರಿನ ಹೊತ್ತು ತಪ್ಪಿಸಿ ಸಮಯ ಇಡಬೇಕು. ಕಂಪನಿಯ ಜೀಪಿನಲ್ಲಿ ಕಂಪನಿಯವರ ಜೊತೆ ಇಳಿದರೆ ಮಾತು ಅಲ್ಲಿಗೇ ಮುಗಿಯಿತು. ವಾಹನದ ಬಾಡಿಗೆ ನಮ್ಮ ಶುಲ್ಕದಲ್ಲೇ ಸೇರಿರಲಿ. ಕೆಲಸಗಾರರನ್ನು ಮಾತಾಡಿಸುವುದು ಮೇಸ್ತ್ರಿಯ ಕಣ್ಣಳತೆಯ ಆಚೆ, ಹೆಸರು ಬರೆದುಕೊಳ್ಳದೆ. ಅವರ ವಸತಿ ನೋಡುವಾಗ ಹಾಸಿಗೆಗಳನ್ನು ಎಣಿಸಿದರೆ ಸಾಲದು. ಹೆಂಗಸರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ, ರಾತ್ರಿ ಅಲ್ಲಿಯವರೆಗೆ ದೀಪ ಇದೆಯೇ ಎಂದು ಕೈಯಾರೆ ಹಾಕಿ ತೆಗೆದು, ಕತ್ತಲಾದ ಮೇಲೆ ಒಮ್ಮೆ ನಡೆದು ನೋಡಬೇಕು.

ಕ್ರಿಯಾಯೋಜನೆ ಬರೆಯುವಾಗ ‘ಸೂಕ್ತ’, ‘ಸಾಧ್ಯವಾದಷ್ಟು’, ‘ಅಗತ್ಯಕ್ಕೆ ತಕ್ಕಂತೆ’ ಎಂಬ ಪದಗಳನ್ನು ಹುಡುಕಿ ಅಳಿಸಿ. ‘ರಾಸಾಯನಿಕಗಳನ್ನು ಸೂಕ್ತವಾಗಿ ಶೇಖರಿಸಬೇಕು’ ಎಂಬ ಸಾಲಿಗೆ ಯಾರೂ ಹೊಣೆಯಲ್ಲ. ‘ಅತಿ ದೊಡ್ಡ ಪೀಪಾಯಿಯ ಶೇ. 110ರಷ್ಟು ಹಿಡಿಯುವ ಸೋರದ ಕಟ್ಟೆ, ಉಗ್ರಾಣದ ವ್ಯವಸ್ಥಾಪಕರ ಹೊಣೆ, 60 ದಿನ, ಇಂತಿಷ್ಟು ಮೊತ್ತ, ಪುರಾವೆಯಾಗಿ ನೀರು ತುಂಬಿಸಿ ನೋಡಿದ ಫೋಟೋ’ ಎಂದು ಬರೆದರೆ ಆರು ತಿಂಗಳ ನಂತರ ಬಂದವರು ಆಯಿತೋ ಇಲ್ಲವೋ ಎಂದು ಐದು ನಿಮಿಷದಲ್ಲಿ ಹೇಳಬಹುದು. ಮೊತ್ತದ ಅಂಕಣ ಖಾಲಿ ಬಿಟ್ಟ ಸಾಲುಗಳು ಜಾರಿಗೆ ಬರುವುದು ಬಲು ಅಪರೂಪ. ಹಾನಿ ತಪ್ಪಿಸು, ಆಗದಿದ್ದರೆ ತಗ್ಗಿಸು, ಆಮೇಲೆ ಸರಿಪಡಿಸು, ಕೊನೆಗೆ ಮಾತ್ರ ಬೇರೆಡೆ ತುಂಬಿಕೊಡು ಎಂಬ ಕ್ರಮ ಕೂಡ ಇಲ್ಲೇ ಕೆಡುತ್ತದೆ. ಗಿಡ ನೆಡುವುದು ಸುಲಭವಾದ್ದರಿಂದ ಎಲ್ಲರೂ ನಾಲ್ಕನೆಯದಕ್ಕೇ ಹಾರುತ್ತಾರೆ. ಮೊದಲ ಮೂರನ್ನು ಏಕೆ ಮಾಡಲಾಗಲಿಲ್ಲ ಎಂದು ಬರೆಯದೆ ನಾಲ್ಕನೆಯದಕ್ಕೆ ಸಹಿ ಹಾಕಬೇಡಿ.

ದೂರು ವ್ಯವಸ್ಥೆಗೆ 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಅನುಮೋದಿಸಿದ, ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಜಾನ್ ರಗ್ಗಿ ಸಿದ್ಧಪಡಿಸಿದ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳ 31ನೆಯದು, ಅಂದರೆ ದೂರು ವ್ಯವಸ್ಥೆ ಪರಿಣಾಮಕಾರಿಯೇ ಎಂದು ಅಳೆಯುವ ಲಕ್ಷಣಗಳ ಪಟ್ಟಿ, ಒಳ್ಳೆಯ ಒರೆಗಲ್ಲು. ನೆಲದ ಮೇಲೆ ನೋಡಬೇಕಾದದ್ದು ವಹಿಯನ್ನು. ಸಾವಿರ ಜನ ದುಡಿಯುವ ಕಡೆ ವರ್ಷವಿಡೀ ಒಂದೂ ದೂರಿಲ್ಲ ಎಂದರೆ ಎಲ್ಲರೂ ಸುಖವಾಗಿದ್ದಾರೆ ಎಂದಲ್ಲ, ದೂರು ಕೊಟ್ಟವರ ಗತಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ ಎಂದರ್ಥ. ದೂರಿನ ಪೆಟ್ಟಿಗೆ ವ್ಯವಸ್ಥಾಪಕರ ಕಿಟಕಿಯ ಎದುರಿಗೇ ಇದ್ದರೆ ಮೊದಲ ಶಿಫಾರಸು ಅದನ್ನು ಸರಿಸುವುದೇ.

ಕರಾರಿಗೆ ಇನ್ನೊಂದು ಕಲಂ ಸೇರಿಸಿ. ಬೀಗ ಹಾಕಿದ ತುರ್ತು ಬಾಗಿಲು, ಕಂಬದಲ್ಲಿ ಹೊಸ ಬಿರುಕು, ಕುಡಿಯುವ ನೀರಿಗೆ ವಿಷ, ಕೆಲಸಕ್ಕಿರುವ ಮಗು: ಹೀಗೆ ಜೀವಕ್ಕೆ ಕುತ್ತಾಗುವುದು ಕಂಡರೆ ಕರಡಿನವರೆಗೆ ಕಾಯುವಂತಿಲ್ಲ. ಅಂದೇ ಬಾಯಲ್ಲಿ ಹೇಳಿ, 24 ಗಂಟೆಯೊಳಗೆ ಫೋಟೋ ಸಮೇತ ಬರಹದಲ್ಲಿ ಕಂಪನಿಯ ಮುಖ್ಯಸ್ಥರಿಗೂ, ಸಾಲ ಕೊಟ್ಟವರಿದ್ದರೆ ಅವರಿಗೂ ಒಟ್ಟಿಗೇ ಕಳಿಸುವ ಹಕ್ಕು, ಗೋಪ್ಯತೆಯ ಷರತ್ತು ಇದಕ್ಕೆ ಅಡ್ಡಬರುವುದಿಲ್ಲ ಎಂಬ ಮಾತು, ಮತ್ತು ಏಳು ದಿನಗಳಲ್ಲಿ ಏನೂ ಆಗದಿದ್ದರೆ ಅಲ್ಲಿಯವರೆಗಿನ ಶುಲ್ಕ ಪಡೆದು ಕೆಲಸ ಬಿಡುವ ಹಕ್ಕು, ಮೂರೂ ಅದರಲ್ಲಿರಲಿ. ಸಹಿಗೆ ಮುಂಚೆ ಈ ಕಲಮನ್ನು ತೆಗೆಸಲು ಹಟ ಹಿಡಿಯುವ ಗ್ರಾಹಕರ ಕೆಲಸವನ್ನು ಒಪ್ಪಿಕೊಳ್ಳಬೇಡಿ.