"ಈ ಜರ್ನಲ್‌ಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?" ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪ್ಯಾಥಾಲಜಿ, ಅಂದರೆ ಅಂಗಾಂಶ ನೋಡಿ ಕಾಯಿಲೆ ಗುರುತಿಸುವ ವಿದ್ಯೆ, ಕಲಿಯುತ್ತಿರುವವರು ತಮ್ಮ ಮೊದಲ ಲೇಖನ ಬರೆದು ಮುಗಿಸಿದ ದಿನ ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಮೇಡಂ, ಈ ಜರ್ನಲ್‌ಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟಿದೆ? ಇದಕ್ಕಿಂತ ಜಾಸ್ತಿ ಇರೋದಕ್ಕೆ ಕಳಿಸಬಹುದಾ?" ಒಂದು ಜರ್ನಲ್ಲಿನ ಇತ್ತೀಚಿನ ಲೇಖನಗಳನ್ನು ಬೇರೆ ಬರಹಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸಿವೆ, ಅಂದರೆ ಆಕರ ಅಂತ ಹೆಸರಿಸಿವೆ, ಅಂತ ಹೇಳುವ ನಂಬರ್ ಅದು. ಬೇರೆ ವಿಭಾಗದ ಗೆಳೆಯರು ಅದನ್ನೇ ತಿರುಗಿಸಿ ಕೇಳುತ್ತಾರೆ. "ನಿಮ್ಮ ಪ್ಯಾಥಾಲಜಿ ಜರ್ನಲ್‌ಗಳಿಗೆ ಆ ನಂಬರ್ ಯಾಕಿಷ್ಟು ಕಮ್ಮಿ? ಯಾರೂ ಓದಲ್ವಾ?"

ಓದುತ್ತಾರೆ. ದಿನಾ ಓದುತ್ತಾರೆ. ಆದರೆ ಓದಿ ಅವರು ಮಾಡುವ ಕೆಲಸ ಆ ನಂಬರಿನ ಲೆಕ್ಕಕ್ಕೆ ಸಿಗುವುದಿಲ್ಲ. ನನ್ನ ಉತ್ತರದ ಮುಕ್ಕಾಲು ಭಾಗ ಇಷ್ಟೇ. ಬಿಡಿಸಿ ಹೇಳಬೇಕು ಅಂದರೆ ಒಂದು ಸ್ಲೈಡ್ ನೋಡಬೇಕು.

ಜಠರದ ಗೋಡೆಯಿಂದ ತೆಗೆದ ಗಡ್ಡೆ ಅಂದುಕೊಳ್ಳಿ. ಮಾಮೂಲಿ ಗುಲಾಬಿ-ನೀಲಿ ಸ್ಟೇನ್ ಹಾಕಿದ ಸ್ಲೈಡಿನಲ್ಲಿ ಉದ್ದುದ್ದ ಜೀವಕೋಶಗಳು ಕಾಣುತ್ತವೆ. ನೂಲುವ ಕದಿರಿನ ಹಾಗೆ ನಡು ದಪ್ಪ, ಎರಡೂ ತುದಿ ಚೂಪು. ಒಂದರ ಪಕ್ಕ ಒಂದು ಮಲಗಿ, ಕಟ್ಟುಕಟ್ಟಾಗಿ ಅತ್ತಿತ್ತ ಹರಿದಿರುತ್ತವೆ. ಸ್ನಾಯುವಿನ ಗಡ್ಡೆಯೂ ಹೀಗೇ ಕಾಣಬಹುದು. ನರದ ಗಡ್ಡೆಯೂ ಹೀಗೇ ಕಾಣಬಹುದು. ಜಿಸ್ಟ್ ಅಂತ ನಾವು ಕರೆಯುವ ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್ ಕೂಡ ಹೀಗೇ. ಆದರೆ ಯಾವುದು ಅನ್ನುವುದರ ಮೇಲೆ ಮುಂದಿನ ಚಿಕಿತ್ಸೆಯೇ ಬದಲಾಗುತ್ತದೆ.

ಈಗ ಅದೇ ಗಡ್ಡೆಯ ಇನ್ನೊಂದು ತೆಳು ಪದರಕ್ಕೆ ಡಾಗ್1 ಅನ್ನುವ ಪ್ರೋಟೀನನ್ನು ಗುರುತಿಸುವ ಸ್ಟೇನ್ ಹಾಕಿ ನೋಡಿ. ಜಿಸ್ಟ್ ಆಗಿದ್ದರೆ ಸಾಮಾನ್ಯವಾಗಿ ಗಡ್ಡೆಯ ಕೋಶಗಳೆಲ್ಲ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಪಕ್ಕದಲ್ಲೇ ಇರುವ ಆರೋಗ್ಯವಂತ ಸ್ನಾಯು ತಿಳಿನೀಲಿಯಾಗೇ ಉಳಿದಿರುತ್ತದೆ. ಅದರ ಎಳೆಗಳ ನಡುವೆ ಅಲ್ಲೊಂದು ಇಲ್ಲೊಂದು ಸಣಕಲು ಕಂದು ಕೋಶ. ಅವು ಕಹಾಲ್ ಕೋಶಗಳು, ಹೊಟ್ಟೆ ಕರುಳಿನ ಅಲುಗಾಟಕ್ಕೆ ತಾಳ ಹಾಕುವಂಥವು. ಜಿಸ್ಟ್‌ಗೆ ಹತ್ತಿರದ ನೆಂಟರು. ಜೊತೆಗೆ ಕಿಟ್ ಅನ್ನುವ ಇನ್ನೊಂದು ಪ್ರೋಟೀನಿನ ಸ್ಟೇನ್ ಕೂಡ ನೋಡಿ, ರಿಪೋರ್ಟಿನಲ್ಲಿ "ಡಾಗ್1 ಪಾಸಿಟಿವ್" ಅಂತ ಬರೆದು ಸಹಿ ಹಾಕುತ್ತೇವೆ.

ಆ ಡಾಗ್1 ನಮ್ಮ ಕೈಗೆ ಎಲ್ಲಿಂದ ಬಂತು? 2004ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಪ್ಯಾಥಾಲಜಿ'ಯಲ್ಲಿ ಬಂದ ಒಂದು ಲೇಖನದಿಂದ. ಹೆಸರು ಬಂದಿದ್ದು 'ಡಿಸ್ಕವರ್ಡ್ ಆನ್ ಜಿಸ್ಟ್' ಅನ್ನುವುದರ ಮೊದಲಕ್ಷರಗಳಿಂದ. ಇವತ್ತು ಆ ಸ್ಟೇನ್ ನೋಡಿ ಬರೆಯುವ ರಿಪೋರ್ಟಿನ ಕೊನೆಯಲ್ಲಿ ಆ ಲೇಖನದ ಹೆಸರು ಇರುವುದಿಲ್ಲ. ಇರಬೇಕಾಗೂ ಇಲ್ಲ. ಸರ್ಜನ್‌ಗೆ ಬೇಕಾದ್ದು ಗಡ್ಡೆ ಯಾವುದು ಅಂತ. ಅದನ್ನು ನಮಗೆ ಯಾರು ಕಲಿಸಿದರು ಅಂತ ಅಲ್ಲ. ಹಾಗಾಗಿ ಇಂಥ ಸಾವಿರ ರಿಪೋರ್ಟ್ ಬರೆದರೂ ಜರ್ನಲ್ಲಿನ ಖಾತೆಗೆ ಒಂದು ಉಲ್ಲೇಖವೂ ಜಮೆ ಆಗುವುದಿಲ್ಲ.

ಇನ್ನು ಆ ನಂಬರ್ ಹೇಗೆ ಹುಟ್ಟುತ್ತದೆ ಅಂತ. ಲೆಕ್ಕ ಸುಲಭ. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕಾದರೆ, ಒಂದು ಜರ್ನಲ್ 2022 ಮತ್ತು 2023ರಲ್ಲಿ ಪ್ರಕಟಿಸಿದ್ದನ್ನು 2024ರ ಬರಹಗಳು ಎಷ್ಟು ಸಲ ಉಲ್ಲೇಖಿಸಿವೆ ಅಂತ ಎಣಿಸಬೇಕು. ಅದನ್ನು ಆ ಎರಡು ವರ್ಷದ ಸಂಶೋಧನಾ ಲೇಖನ ಮತ್ತು ರಿವ್ಯೂ ಲೇಖನಗಳ ಸಂಖ್ಯೆಯಿಂದ ಭಾಗಿಸಬೇಕು. 300 ಲೇಖನಕ್ಕೆ 900 ಉಲ್ಲೇಖ ಬಂದಿದ್ದರೆ ಉತ್ತರ 3. ಸಂಪಾದಕೀಯ, ಓದುಗರ ಪತ್ರ ಇಂಥವು ಕೆಳಗಿನ ಸಂಖ್ಯೆಗೆ ಸೇರುವುದಿಲ್ಲ. ಆದರೆ ಅವಕ್ಕೆ ಬಂದ ಉಲ್ಲೇಖ ಮೇಲಿನ ಸಂಖ್ಯೆಗೆ ಸೇರುತ್ತದೆ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕ್ಲಾರಿವೇಟ್ ಕಂಪನಿ ಪ್ರತಿ ವರ್ಷ ಜೂನ್ ಹೊತ್ತಿಗೆ 'ಜರ್ನಲ್ ಸೈಟೇಷನ್ ರಿಪೋರ್ಟ್ಸ್'ನಲ್ಲಿ ಈ ನಂಬರ್ ಬಿಡುಗಡೆ ಮಾಡುತ್ತದೆ. ಮೊದಲೆಲ್ಲ ದಶಮಾಂಶದ ಮುಂದೆ ಮೂರು ಅಂಕಿ ಇರುತ್ತಿತ್ತು. 2023ರಿಂದ ಒಂದೇ ಅಂಕಿ. ಮೊದಲಾಗಿದ್ದರೆ 3.412 ಮೇಲೆ, 3.398 ಕೆಳಗೆ. ಈಗ ಎರಡೂ 3.4. ಈ ಬದಲಾವಣೆ ತುಂಬಾ ಒಳ್ಳೆಯದಾಯಿತು.

ಇದನ್ನು ಶುರು ಮಾಡಿದ ಯೂಜೀನ್ ಗಾರ್ಫೀಲ್ಡ್ ಅವರ ಉದ್ದೇಶ ಬೇರೆ ಇತ್ತು. ಉಲ್ಲೇಖಗಳದ್ದೇ ಒಂದು ಸೂಚಿ ಮಾಡುವ ಯೋಚನೆಯನ್ನು ಅವರು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮುಂದಿಟ್ಟರು. 1960ರ ದಶಕದಲ್ಲಿ ಆ ಸೂಚಿಗೆ ಯಾವ ಜರ್ನಲ್ ಸೇರಿಸಬೇಕು ಅನ್ನುವ ಪ್ರಶ್ನೆ ಬಂತು. ಬರೀ ಒಟ್ಟು ಉಲ್ಲೇಖ ಎಣಿಸಿದರೆ ದಪ್ಪ ದಪ್ಪ ಜರ್ನಲ್‌ಗಳೇ ಮೇಲೆ ಬರುತ್ತವೆ, ಸಣ್ಣದಾದರೂ ಮುಖ್ಯವಾದವು ಬಿಟ್ಟುಹೋಗುತ್ತವೆ. ಅದಕ್ಕೇ ಭಾಗಾಕಾರ ಬಂತು. ಅಂದರೆ ಜರ್ನಲ್ ಆರಿಸುವ ಸಾಧನ ಅದು. ಲೇಖಕರ ಯೋಗ್ಯತೆ ಅಳೆಯುವುದಕ್ಕೆ ಅದನ್ನು ಬಳಸಬೇಡಿ ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆಯನ್ನೇ ಸಿದ್ಧಮಾಡಿದರು. ಡೋರಾ ಅಂತ ಅದರ ಹೆಸರು. ಆದರೂ ಬಡ್ತಿಯ ಅರ್ಜಿಗಳಲ್ಲಿ ಆ ಕಾಲಂ ನಾನು ಈಗಲೂ ನೋಡುತ್ತೇನೆ.

ಪ್ಯಾಥಾಲಜಿಗೆ ಜಾಸ್ತಿ ಏಟು ಬೀಳುವುದು ಎರಡು ವರ್ಷದ ಗಡುವಿನಿಂದ. ಜಿಸ್ಟ್ ಕಥೆಗೇ ವಾಪಸ್ ಬರೋಣ. 1983ರ ತನಕ ಜಠರದ ಈ ಗಡ್ಡೆಗಳಲ್ಲಿ ಹೆಚ್ಚಿನವನ್ನು ಸ್ನಾಯುವಿನ ಗಡ್ಡೆ ಅಂತಲೇ ಕರೆಯುತ್ತಿದ್ದರು. ಆ ವರ್ಷ ಮಝುರ್ ಮತ್ತು ಕ್ಲಾರ್ಕ್ ಅನ್ನುವ ಇಬ್ಬರು 'ಅಮೆರಿಕನ್ ಜರ್ನಲ್ ಆಫ್ ಸರ್ಜಿಕಲ್ ಪ್ಯಾಥಾಲಜಿ'ಯಲ್ಲಿ ಒಂದು ಲೇಖನ ಬರೆದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇವುಗಳಲ್ಲಿ ಬಹಳಷ್ಟಕ್ಕೆ ಸ್ನಾಯುವಿನ ಗುರುತೇ ಇಲ್ಲ ಅಂದರು. ಹಳೇ ಹೆಸರು ಬಿಟ್ಟು 'ಸ್ಟ್ರೋಮಲ್ ಟ್ಯೂಮರ್' ಅಂತ ಕರೆದರು. ಅದರಿಂದ ಆ ಹೊತ್ತಿಗೆ ರೋಗಿಯ ಚಿಕಿತ್ಸೆ ಏನೂ ಬದಲಾಗಲಿಲ್ಲ. ಹದಿನೈದು ವರ್ಷ ಕಳೆಯಿತು. 1998ರಲ್ಲಿ ಹಿರೋಟಾ ಮತ್ತು ಜೊತೆಗಾರರು ಈ ಗಡ್ಡೆಗಳಲ್ಲಿ ಕಿಟ್ ಜೀನ್ ಕೆಟ್ಟಿರುತ್ತದೆ ಅಂತ 'ಸೈನ್ಸ್'ನಲ್ಲಿ ತೋರಿಸಿದರು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆ ಕಿಟ್‌ನ ಕೆಲಸ ತಡೆಯುವ ಇಮ್ಯಾಟಿನಿಬ್ ಔಷಧಿಯನ್ನು ಜಿಸ್ಟ್‌ಗೆ ಒಪ್ಪಿತು. ಹಳೇ ಕೀಮೋಥೆರಪಿಗೆ ಜಗ್ಗದೇ ಇದ್ದ ಗಡ್ಡೆ ಮಾತ್ರೆಗೆ ಕುಗ್ಗತೊಡಗಿತು.

ಆಗ ಎಲ್ಲರೂ 1983ರ ಲೇಖನ ಹುಡುಕಿ ತೆಗೆದರು, ಉಲ್ಲೇಖಿಸಿದರು. ಆದರೆ ಆ ಲೇಖನಕ್ಕೆ ಬಂದ ಉಲ್ಲೇಖ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕಕ್ಕೆ ಹಿಡಿಯುವುದು 1984 ಮತ್ತು 1985ರಲ್ಲಿ ಮಾತ್ರ. ಆಮೇಲೆ ಬಂದಿದ್ದರಿಂದ ಜರ್ನಲ್ಲಿನ ನಂಬರಿಗೆ ಒಂದು ಚೂರೂ ಸೇರುವುದಿಲ್ಲ. ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ 1, 2, 3 ಅಂತ ಗ್ರೇಡ್ ಇರುತ್ತದಲ್ಲ, ಅದನ್ನು ಎಲ್ಸ್ಟನ್ ಮತ್ತು ಎಲ್ಲಿಸ್ 1991ರಲ್ಲಿ 'ಹಿಸ್ಟೋಪ್ಯಾಥಾಲಜಿ' ಜರ್ನಲ್ಲಿನಲ್ಲಿ ಬರೆದ ಕ್ರಮದಲ್ಲೇ ಈಗಲೂ ಕೊಡುತ್ತೇವೆ. ಕೋಶಗಳು ನಳಿಕೆ ಕಟ್ಟಿವೆಯಾ, ಕೋಶಕೇಂದ್ರಗಳು ಎಷ್ಟು ಅಂಕುಡೊಂಕಾಗಿವೆ, ಎಷ್ಟು ಕೋಶ ಎರಡಾಗಿ ವಿಭಜನೆಯಾಗುತ್ತಿವೆ, ಈ ಮೂರಕ್ಕೂ ತಲಾ 1ರಿಂದ 3 ಅಂಕ. ಆಲ್ಜೈಮರ್ ಕಾಯಿಲೆ ಮಿದುಳಿನಲ್ಲಿ ಎಲ್ಲಿಯವರೆಗೆ ಹಬ್ಬಿದೆ ಅಂತ ಹೇಳುವ ಬ್ರಾಕ್ ಹಂತಗಳೂ ಅದೇ 1991ರಲ್ಲಿ 'ಆಕ್ಟಾ ನ್ಯೂರೋಪ್ಯಾಥಾಲಜಿಕಾ'ದಲ್ಲಿ ಬಂದವು. ಎರಡೂ ಲೇಖನಗಳಿಗೆ ಇವತ್ತಿಗೂ ಉಲ್ಲೇಖ ಬರುತ್ತಲೇ ಇದೆ. ಎರಡರ ಲೆಕ್ಕವೂ 1993ಕ್ಕೆ ಮುಗಿಯಿತು.

ಇನ್ನೂ ಒಂದಿದೆ. ತೀರಾ ಚೆನ್ನಾಗಿ ಗೊತ್ತಿರುವುದನ್ನು ಯಾರೂ ಉಲ್ಲೇಖಿಸುವುದೇ ಇಲ್ಲ. ಜರ್ಮನಿಯ ಪ್ಯಾಥಾಲಜಿಸ್ಟ್ ರುಡಾಲ್ಫ್ ವಿರ್ಚೋ 1847ರಲ್ಲಿ ಗೆಳೆಯ ಬೆನ್ನೋ ರೈನ್‌ಹಾರ್ಟ್ ಜೊತೆ ಒಂದು ಜರ್ನಲ್ ಶುರು ಮಾಡಿದರು. 'ವಿರ್ಚೋಸ್ ಆರ್ಕೈವ್' ಅಂತ ಅದು ಈಗಲೂ ಬರುತ್ತಿದೆ. ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಅನ್ನುವ ಮಾತನ್ನು ಅವರು 1855ರಲ್ಲಿ ಅದರಲ್ಲೇ ಬರೆದರು. ನಾವು ನೋಡುವ ಪ್ರತಿ ಸ್ಲೈಡಿನ ಹಿಂದೆಯೂ ಆ ಮಾತಿದೆ. ಆದರೆ ಇವತ್ತು ಒಂದು ಲೇಖನದಲ್ಲಿ ಅದನ್ನು ಹೇಳುವಾಗ ಪಕ್ಕದಲ್ಲಿ ಉಲ್ಲೇಖದ ನಂಬರ್ ಹಾಕಬೇಕು ಅಂತ ಯಾರಿಗೂ ಅನಿಸುವುದಿಲ್ಲ.

ಹಾಗಾದರೆ ನಂಬರಿಗಿಂತ ಮೊದಲು ಏನು ನೋಡಬೇಕು? ಜರ್ನಲ್ ಯಾವ ಪ್ರಶ್ನೆಯ ಹಿಂದೆ ಬಿದ್ದಿದೆ ಅಂತ. ಹೆಸರು ನೋಡಿದರೆ ಎಲ್ಲವೂ ಪ್ಯಾಥಾಲಜಿಯೇ. 'ಅಮೆರಿಕನ್ ಜರ್ನಲ್ ಆಫ್ ಪ್ಯಾಥಾಲಜಿ' ಕೇಳುವುದು ಕಾಯಿಲೆ ಹೇಗೆ ಆಗುತ್ತದೆ ಅಂತ. ಅಲ್ಲಿ ಇಲಿಗಳು, ಕೋಶಗಳ ಪ್ರಯೋಗ, ಜೀನ್‌ಗಳು. 'ಅಮೆರಿಕನ್ ಜರ್ನಲ್ ಆಫ್ ಸರ್ಜಿಕಲ್ ಪ್ಯಾಥಾಲಜಿ' ಕೇಳುವುದು ಈ ಸ್ಲೈಡಿನಲ್ಲಿ ಇರುವುದು ಏನು ಅಂತ. ಹೆಸರಲ್ಲಿ ಒಂದೇ ಪದ ವ್ಯತ್ಯಾಸ, ಒಳಗೆ ಬೇರೆಯೇ ಲೋಕ. 'ಆಕ್ಟಾ ನ್ಯೂರೋಪ್ಯಾಥಾಲಜಿಕಾ' ಪ್ಯಾಥಾಲಜಿ ಪಟ್ಟಿಯಲ್ಲಿ ಮೇಲ್ಗಡೆ ನಿಲ್ಲುತ್ತದೆ. ಅದನ್ನು ಉಲ್ಲೇಖಿಸುವವರು ಪ್ಯಾಥಾಲಜಿಸ್ಟ್‌ಗಳಷ್ಟೇ ಅಲ್ಲ, ಮಿದುಳಿನ ಮೇಲೆ ಕೆಲಸ ಮಾಡುವ ಎಲ್ಲರೂ. ಆ ಗುಂಪು ದೊಡ್ಡದು, ಬೇಗ ಬೇಗ ಬರೆಯುತ್ತದೆ, ಒಂದೊಂದು ಲೇಖನದ ಕೊನೆಗೂ ಉದ್ದ ಪಟ್ಟಿ ಹಾಕುತ್ತದೆ. ಚರ್ಮದ ಪ್ಯಾಥಾಲಜಿಯಂಥ ಸಣ್ಣ ಕ್ಷೇತ್ರದಲ್ಲಿ ಬರೆಯುವವರೇ ಕಮ್ಮಿ. ಅಲ್ಲಿ ಎಷ್ಟೇ ಒಳ್ಳೆಯ ಜರ್ನಲ್ ಆದರೂ ಉಲ್ಲೇಖ ಎಲ್ಲಿಂದ ಬರಬೇಕು? ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ.

ಮತ್ತೆ, ಸರಾಸರಿ ಅನ್ನುವುದು ಒಂದೇ ಒಂದು ಲೇಖನದಿಂದಲೂ ಮೇಲೆದ್ದುಬಿಡಬಹುದು. ಮಿದುಳಿನ ಗಡ್ಡೆಗಳ ಡಬ್ಲ್ಯುಎಚ್‌ಒ ವರ್ಗೀಕರಣದ ಸಾರಾಂಶ 2007ರಲ್ಲೂ 2016ರಲ್ಲೂ 'ಆಕ್ಟಾ ನ್ಯೂರೋಪ್ಯಾಥಾಲಜಿಕಾ'ದಲ್ಲಿ ಬಂತು. ಮಿದುಳಿನ ಗಡ್ಡೆ ಬಗ್ಗೆ ಏನು ಬರೆದರೂ ಅದನ್ನು ಉಲ್ಲೇಖಿಸಲೇಬೇಕು ಅನ್ನುವ ಹಾಗೆ. 2021ರ ವರ್ಗೀಕರಣದ ಸಾರಾಂಶ ಬೇರೊಂದು ಜರ್ನಲ್‌ಗೆ ಹೋಯಿತು, 'ನ್ಯೂರೋ-ಆಂಕಾಲಜಿ'ಗೆ. ಆ ಉಲ್ಲೇಖಗಳೂ ಜೊತೆಗೇ ಹೋದವು. ಇದರ ತುತ್ತತುದಿಯ ಉದಾಹರಣೆ ನಮ್ಮ ಕ್ಷೇತ್ರದ್ದಲ್ಲ. 'ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ' ಜರ್ನಲ್ಲಿನ ನಂಬರ್ 2008ರಲ್ಲಿ ಸುಮಾರು 2 ಇತ್ತು, 2009ರಲ್ಲಿ 49.926 ಆಯಿತು. ಕಾರಣ, ಹರಳುಗಳ ರಚನೆ ಲೆಕ್ಕ ಹಾಕುವ ಶೆಲ್‌ಎಕ್ಸ್ ಪ್ರೋಗ್ರಾಂ ಬಗ್ಗೆ 2008ರಲ್ಲಿ ಬಂದ ಒಂದು ಲೇಖನ. ಅದನ್ನು ಬಳಸಿದವರೆಲ್ಲ ಅದನ್ನೇ ಉಲ್ಲೇಖಿಸಿದರು. ಎರಡು ವರ್ಷದ ಗಡುವು ದಾಟಿದ ಮೇಲೆ ನಂಬರ್ ಮತ್ತೆ 2ರ ಆಸುಪಾಸಿಗೆ ಇಳಿಯಿತು. ಆ ಜರ್ನಲ್ಲಿನ ಉಳಿದ ಲೇಖನಗಳ ಗುಣ ಹತ್ತಿದ್ದೂ ಇಲ್ಲ, ಇಳಿದಿದ್ದೂ ಇಲ್ಲ.

ನನಗೆ ನಿಜವಾಗಿ ಸಂಕಟ ಆಗುವುದು ಒಬ್ಬಿಬ್ಬರು ರೋಗಿಗಳ ಬಗ್ಗೆ ಬರೆಯುವ ಕೇಸ್ ರಿಪೋರ್ಟ್‌ಗಳ ವಿಷಯದಲ್ಲಿ. ಅಪರೂಪದ ಗಡ್ಡೆಯ ಬಗ್ಗೆ ಎರಡು ವರ್ಷದೊಳಗೆ ಇನ್ಯಾರು ಬರೆಯುತ್ತಾರೆ? ಉಲ್ಲೇಖ ಬರುವುದಿಲ್ಲ, ಸರಾಸರಿ ಇಳಿಯುತ್ತದೆ. ಹಾಗಾಗಿ ಎಷ್ಟೋ ಜರ್ನಲ್‌ಗಳು ಅವನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿವೆ. ಆದರೆ ನಾಳೆ ಅದೇ ಗಡ್ಡೆ ನಿಮ್ಮ ಮೈಕ್ರೋಸ್ಕೋಪಿನ ಕೆಳಗೆ ಬಂದರೆ ನೀವು ಹುಡುಕುವುದು ಅದನ್ನೇ. ಹಿಂದೊಮ್ಮೆ ಹಾಗೆ ಹುಡುಕಿ, ಮೂವತ್ತು ವರ್ಷ ಹಳೆಯ ಎರಡು ಪುಟದ ಬರಹದಲ್ಲಿ ನನ್ನ ಸ್ಲೈಡಿನಂಥದ್ದೇ ಫೋಟೋ ಸಿಕ್ಕಿತ್ತು. ಕಪ್ಪು ಬಿಳುಪು, ಅಂಚು ಮಸುಕು. ಕೆಳಗೆ ಆ ರೋಗಿ ಆರು ವರ್ಷದ ನಂತರವೂ ಆರಾಮಾಗಿದ್ದರು ಅಂತ ಒಂದು ಸಾಲು. ಅವತ್ತು ನನಗೆ ಬೇಕಾಗಿದ್ದು ಆ ಸಾಲು.

ನಂಬರ್ ಏರಿಸಲು ಒತ್ತಾಯ ಮಾಡುವವರೂ ಇದ್ದಾರೆ. ಒಮ್ಮೆ ನಮ್ಮ ಲೇಖನಕ್ಕೆ ಒಂದು ಜರ್ನಲ್ಲಿನಿಂದ ಪತ್ರ ಬಂತು. ತಿದ್ದುಪಡಿ ಏನೂ ಇಲ್ಲ, ನಮ್ಮ ಜರ್ನಲ್ಲಿನ ಕಳೆದ ಎರಡು ವರ್ಷದ ಲೇಖನಗಳನ್ನು ಒಂದಷ್ಟು ಉಲ್ಲೇಖಿಸಿ ಅಂತ. ಯಾವ ಲೇಖನ, ಯಾಕೆ ಅಂತ ಇಲ್ಲ. ಎರಡು ವರ್ಷ ಅಂತ ಮಾತ್ರ ಸ್ಪಷ್ಟವಾಗಿತ್ತು. ನಾವು ಲೇಖನ ವಾಪಸ್ ತಗೊಂಡೆವು. ತನ್ನನ್ನು ತಾನೇ ವಿಪರೀತ ಉಲ್ಲೇಖಿಸಿಕೊಳ್ಳುವ ಜರ್ನಲ್‌ಗಳಿಗೆ ಕ್ಲಾರಿವೇಟ್ ಆ ವರ್ಷ ನಂಬರ್ ಕೊಡದೇ ತಡೆಹಿಡಿಯುವುದೂ ಉಂಟು.

ನಂಬರ್ ನೋಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಒಂದೇ ಥರದ ಪ್ರಶ್ನೆ ಕೇಳುವ ಎರಡು ಜರ್ನಲ್ ಪಕ್ಕಪಕ್ಕ ಇಟ್ಟರೆ ಅದರಿಂದ ಸ್ವಲ್ಪ ತಿಳಿಯುತ್ತದೆ. ಜೊತೆಗೆ 'ಸೈಟೆಡ್ ಹಾಫ್-ಲೈಫ್' ಅಂತ ಇನ್ನೊಂದು ಅಂಕಿ ಇರುತ್ತದೆ, ಅದನ್ನು ತಪ್ಪದೇ ನೋಡಿ. ಈ ವರ್ಷ ಜರ್ನಲ್‌ಗೆ ಬಂದ ಉಲ್ಲೇಖಗಳಲ್ಲಿ ಅರ್ಧದಷ್ಟು ಎಷ್ಟು ವರ್ಷಕ್ಕಿಂತ ಹಳೆಯ ಲೇಖನಗಳಿಗೆ ಬಂದಿವೆ ಅಂತ ಅದು ಹೇಳುತ್ತದೆ. ಅದು ಹತ್ತು ವರ್ಷ ದಾಟಿದ್ದರೆ, ಆ ಜರ್ನಲ್ಲಿನಲ್ಲಿ ಬರೆದಿದ್ದು ಬಾಳಿಕೆ ಬರುತ್ತದೆ ಅಂತ ನಾನು ಓದಿಕೊಳ್ಳುತ್ತೇನೆ. ಹಾಗೇ, ಇಂಪ್ಯಾಕ್ಟ್ ಅಂತ ಹೆಸರಿಟ್ಟುಕೊಂಡು ಕ್ಲಾರಿವೇಟ್ ಬಿಟ್ಟು ಬೇರೆ ಯಾವುದೋ ಸಂಸ್ಥೆಯ ನಂಬರ್ ಹಾಕಿರುವ ಜರ್ನಲ್ ಕಂಡರೆ ಹುಷಾರು.

ಹೋದ ವಾರ ಬಂದ ಹುಡುಗಿಗೂ ಇದನ್ನೇ ಹೇಳಿದೆ. ಮೂರು ಜರ್ನಲ್‌ಗಳ ಇತ್ತೀಚಿನ ಸಂಚಿಕೆ ತೆರೆದು ಕೂತೆವು. ಮೊದಲನೆಯದರಲ್ಲಿ ಮನುಷ್ಯರ ಸ್ಲೈಡ್ ಹುಡುಕಿದರೂ ಸಿಗಲಿಲ್ಲ, ಎಲ್ಲ ಇಲಿಗಳೇ. ಎರಡನೆಯದರಲ್ಲಿ ಇವಳು ಬರೆದ ಅಂಗದ ಬಗ್ಗೆ ಒಂದೂ ಲೇಖನ ಇರಲಿಲ್ಲ. ಮೂರನೆಯದರಲ್ಲಿ ಇವಳು ಬರೆದಂಥ ಸಣ್ಣ ಕೇಸ್ ಸರಣಿ ಎರಡು ಇದ್ದವು, ಫೋಟೋ ದೊಡ್ಡದಾಗಿ ಹಾಕಿದ್ದರು. ಮೂರರಲ್ಲಿ ಅದರ ನಂಬರೇ ಕಮ್ಮಿ. ಸುಮ್ಮನೆ ಒಂದು ನಿಮಿಷ ನೋಡಿ, "ಇದಕ್ಕೇ ಕಳಿಸ್ತೀನಿ ಮೇಡಂ" ಅಂದಳು. ಎರಡನೇ ಫೋಟೋದಲ್ಲಿ ಗಡ್ಡೆಯ ಅಂಚು ಫೋಕಸ್ ತಪ್ಪಿದೆ, ಅದೊಂದನ್ನು ಮತ್ತೆ ತೆಗಿ ಅಂದೆ.