ನಿಮ್ಮ ಮನೆಯಲ್ಲಿ ಎಲ್ಲರೂ ದಿನಾ ಫ್ಲಾಸ್ ಮಾಡ್ತಾರಾ, ಡಾಕ್ಟ್ರೇ?

ದಾವಣಗೆರೆಯಲ್ಲಿ ಮನೆಯ ಮುಂಭಾಗದಲ್ಲೇ ಕ್ಲಿನಿಕ್ ಇಟ್ಟುಕೊಂಡಿರುವ ದಂತವೈದ್ಯೆ ನಾನು. ಚಿಕಿತ್ಸೆಗೆ ಬಂದವರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಮಗಳ ಶಾಲೆಯ ಗೇಟಿನ ಬಳಿ ಸಿಗುವ ತಾಯಂದಿರು, ಎಲ್ಲರೂ ಒಂದಲ್ಲ ಒಂದು ಧಾಟಿಯಲ್ಲಿ ಇದನ್ನೇ ಕೇಳುತ್ತಾರೆ: ‘ನಮಗೇನೋ ದಿನಾ ಫ್ಲಾಸ್ ಮಾಡಿ ಅಂತ ಹೇಳ್ತೀರಿ, ನಿಮ್ಮ ಮನೇಲಿ ಎಲ್ಲರೂ ಮಾಡ್ತಾರಾ?’ ನಮ್ಮ ಮನೆಯವರೆಲ್ಲರ ಹಲ್ಲಿನ ಸಂದುಗಳೂ ಬಹುಪಾಲು ರಾತ್ರಿಗಳಲ್ಲಿ ಸ್ವಚ್ಛವಾಗುತ್ತವೆ, ಆದರೆ ಎಲ್ಲರೂ ಫ್ಲಾಸ್, ಅಂದರೆ ಸಂದಿಗೆ ತೆಳು ದಾರ ಇಳಿಸಿ ಉಜ್ಜುವ ಕೆಲಸ, ಮಾಡುವುದಿಲ್ಲ ಎಂಬುದು ನನ್ನ ಉತ್ತರ. ಇದನ್ನು ಕೇಳಿದವರು ನಾನು ಜಾರಿಕೊಳ್ಳುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ಹೊರಗೆ ಇನ್ನಿಬ್ಬರು ಕಾಯುತ್ತಿರುವಾಗ ಪೂರ್ತಿ ವಿವರಿಸಲಾಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪ್ರತಿಯೊಂದು ದವಡೆ ಹಲ್ಲಿಗೂ ಐದು ಮುಖಗಳಿವೆ. ಕೆನ್ನೆಯ ಕಡೆಯದು, ನಾಲಿಗೆಯ ಕಡೆಯದು, ಅಗಿಯುವ ಮೇಲ್ಭಾಗ, ಈ ಮೂರನ್ನು ಬ್ರಶ್ ಮುಟ್ಟುತ್ತದೆ. ಅಕ್ಕಪಕ್ಕದ ಹಲ್ಲುಗಳಿಗೆ ಒತ್ತಿಕೊಂಡಿರುವ ಉಳಿದೆರಡು ಮುಖಗಳಿಗೆ ಬ್ರಶ್ಶಿನ ಎಳೆಗಳು, ಅದು ಎಷ್ಟೇ ದುಬಾರಿಯದಾಗಿರಲಿ, ಇಳಿಯುವುದಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ ಮೇಲೆ ಸಿಕ್ಕಿಕೊಳ್ಳುವ ಚೂರನ್ನು ಎಳೆದು ತೆಗೆಯುವುದೇ ಫ್ಲಾಸಿನ ಕೆಲಸವೆಂದು ನಮ್ಮೂರಿನ ಬಹಳ ಮಂದಿ ತಿಳಿದಿದ್ದಾರೆ. ಏನೂ ಸಿಕ್ಕಿಕೊಂಡಿಲ್ಲ ಎನ್ನಿಸಿದ ದಿನ ಅದರ ಅಗತ್ಯವಿಲ್ಲ ಎಂದು ಬಿಟ್ಟೂಬಿಡುತ್ತಾರೆ. ಸಿಕ್ಕಿಕೊಂಡ ಚೂರು ನಾಲಿಗೆಗೆ ತಿಳಿಯುತ್ತದೆ, ಕಿರಿಕಿರಿ ಮಾಡುತ್ತದೆ, ಹೇಗಾದರೂ ಹೊರಗೆ ಬರುತ್ತದೆ. ಹಾನಿ ಮಾಡುವುದು ಕಣ್ಣಿಗೂ ನಾಲಿಗೆಗೂ ಗೊತ್ತಾಗದಂತೆ ಹಲ್ಲಿಗೆ ಅಂಟಿಕೊಂಡಿರುವ ಪ್ಲಾಕ್ ಎಂಬ ಬ್ಯಾಕ್ಟೀರಿಯಾಗಳ ತೆಳು ಪದರ. ಬಾಯಿ ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಕೆರೆದೇ ತೆಗೆಯಬೇಕು.

ತೆಗೆಯದಿದ್ದರೆ ಏನಾಗುತ್ತದೆ ಎಂಬುದನ್ನು ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿ ಹಾರಾಲ್ಡ್ ಲೋ ಮತ್ತು ಅವರ ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿಕೊಟ್ಟಿತು. ಆರೋಗ್ಯವಂತ ವಸಡುಗಳಿದ್ದ 12 ಮಂದಿ ಹಲ್ಲು ಸ್ವಚ್ಛಗೊಳಿಸುವುದನ್ನೇ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಅವರೆಲ್ಲರ ವಸಡೂ ಉರಿಯೂತಕ್ಕೆ ತುತ್ತಾಯಿತು, ಮತ್ತೆ ಸ್ವಚ್ಛ ಮಾಡತೊಡಗಿದ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ವಸಡಿನ ರೋಗಕ್ಕೆ ವಯಸ್ಸೋ ವಂಶವೋ ಕಾರಣವೆಂದು ಕೈಚೆಲ್ಲಿ ಕೂರುವವರಿಗೆ ನಾನು ಇಂದಿಗೂ ಹೇಳುವುದು ಈ ಪ್ರಯೋಗವನ್ನೇ. ಬ್ರಶ್ ಮಾತ್ರ ಮಾಡುವವರು ತಮ್ಮ ಹಲ್ಲಿನ ಸಂದುಗಳ ಮಟ್ಟಿಗೆ ಈ ಪ್ರಯೋಗವನ್ನು ವರ್ಷಗಟ್ಟಲೆ ಮುಂದುವರಿಸುತ್ತಿರುತ್ತಾರೆ.

ಇನ್ನು ಮನೆಯ ಮಾತು. ಕ್ಲಿನಿಕ್ಕಿಗೂ ನಮ್ಮ ನಡುಮನೆಗೂ ನಡುವೆ ಇರುವುದು ಒಂದು ಪರದೆ, ಒಂದು ಬಾಗಿಲು. ಲವಂಗದ ಎಣ್ಣೆಯ ವಾಸನೆ ಆ ಪರದೆಗೆ ಎಷ್ಟು ಒಗೆದರೂ ಹೋಗದಂತೆ ಹಿಡಿದುಬಿಟ್ಟಿದೆ. ಉಪಕರಣಗಳನ್ನು ಬೇಯಿಸುವ ಆಟೋಕ್ಲೇವ್ ಹಬೆ ಬಿಡುವ ಸದ್ದಿಗೂ ಅಡುಗೆಮನೆಯ ಕುಕ್ಕರಿನ ಸೀಟಿಗೂ ಇರುವ ವ್ಯತ್ಯಾಸ ಮಹಡಿಯ ಮೇಲೆ ಬಟ್ಟೆ ಹರವುತ್ತಿರುವ ಅತ್ತೆಗೂ ತಿಳಿಯುತ್ತದೆ. ಭಾನುವಾರ ಬೆಲ್ ಬಾರಿಸಿದವರು ಹಾಲಿನವನೋ ಹಲ್ಲುನೋವಿನವರೋ ಎಂದು ಮಗಳು ಕಿಟಕಿಯಿಂದಲೇ ಊಹಿಸುತ್ತಾಳೆ. ಕೆನ್ನೆಗೆ ಕೈ ಹಿಡಿದಿದ್ದರೆ ಊಹಿಸುವುದಕ್ಕೂ ಏನಿಲ್ಲ. ಸತ್ಯನಾರಾಯಣ ಪೂಜೆಗೆ ಹೋದಲ್ಲಿ ಪ್ರಸಾದ ಕೈಗೆ ಬರುವ ಮೊದಲೇ ಬಾಯಿ ತೆರೆದು ತೋರಿಸುವ ನೆಂಟರೂ ನಮಗಿದ್ದಾರೆ. ಹೀಗೆ ಬೆಳಗಿನಿಂದ ರಾತ್ರಿಯವರೆಗೆ ಹಲ್ಲಿನ ಮಾತೇ ಕೇಳುವ ಮನೆಯಲ್ಲಿ ಒಳ್ಳೆಯ ಅಭ್ಯಾಸಗಳು ತಾವಾಗಿಯೇ ಬೇರೂರುತ್ತವೆ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ದಿನವಿಡೀ ಕೇಳಿದ ಉಪದೇಶಕ್ಕೆ ಮನೆಯವರ ಕಿವಿ ಬೇಗ ಜಡ್ಡುಗಟ್ಟುತ್ತದೆ.

ನನ್ನ ಗಂಡ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಐದು ಮುಖಗಳ ಲೆಕ್ಕ ಅವರಿಗೆ ಒಮ್ಮೆ ಹೇಳಿದರೆ ಸಾಕಿತ್ತು, ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೂ ಮಾಡಲಿಲ್ಲ. ಸಂಜೆಯ ರೋಗಿಗಳು ಮುಗಿಯುವುದು ಪೇಟೆಯ ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ, ಆಮೇಲೆ ಊಟ, ಆಮೇಲೆ ನಿದ್ದೆ ತೂಗುತ್ತಿರುವಾಗ ಬಚ್ಚಲ ಕನ್ನಡಿಯ ಮುಂದೆ ನಿಂತು ಬೆರಳಿಗೆ ದಾರ ಸುತ್ತುವ ತಾಳ್ಮೆ ಯಾರಿಗಿರುತ್ತದೆ? ಅಭ್ಯಾಸವನ್ನು ತಂದದ್ದು ಫ್ಲಾಸ್ ಡಬ್ಬಿಯ ಜಾಗ. ಈಗ ಅದು ಟಿವಿ ರಿಮೋಟಿನ ಪಕ್ಕದಲ್ಲಿ ಒಂದು ಸ್ಟೀಲ್ ಬಟ್ಟಲಲ್ಲಿ ಇರುತ್ತದೆ. ಫ್ಲಾಸ್ ಮಾಡಲು ಕನ್ನಡಿಯೂ ಬೇಡ, ನೀರೂ ಬೇಡ, ನಿಂತುಕೊಳ್ಳುವುದೂ ಬೇಡ. ವಾರ್ತೆ ನೋಡುತ್ತ ಸೋಫಾದಲ್ಲಿ ಕೂತು ಮಾಡಬಹುದು. ಬ್ರಶ್ಶಿಗೆ ಮೊದಲೇ ಫ್ಲಾಸ್ ಆಗಿಹೋದರೆ ಇನ್ನೊಂದು ಅನುಕೂಲವೂ ಉಂಟು, ಆಮೇಲೆ ಹಚ್ಚುವ ಪೇಸ್ಟಿನ ಫ್ಲೋರೈಡು ತೆರವಾದ ಸಂದಿಗೆ ತಲುಪಲು ಸುಲಭ.

ಅವರ ಎಡಗಡೆ ಕೆಳಗಿನ ದವಡೆಯಲ್ಲಿ ಕಿತ್ತ ಹಲ್ಲಿನ ಜಾಗಕ್ಕೆ ಬ್ರಿಡ್ಜ್ ಕೂರಿಸಿದೆ. ಮೂರು ಹಲ್ಲುಗಳು ಒಂದಕ್ಕೊಂದು ಬೆಸೆದುಕೊಂಡಿರುವ ಅಲ್ಲಿ ಮೇಲಿನಿಂದ ದಾರ ಇಳಿಯುವ ಮಾತೇ ಇಲ್ಲ. ಒಂದು ತುದಿ ಗಡುಸಾಗಿಯೂ ನಡುಭಾಗ ಸ್ಪಂಜಿನಂತೆ ಉಬ್ಬಿಕೊಂಡೂ ಇರುವ ಸೂಪರ್ ಫ್ಲಾಸನ್ನು ಪಕ್ಕದಿಂದ ಪೋಣಿಸಿ ಬ್ರಿಡ್ಜಿನ ಅಡಿಗೆ ಎಳೆಯಬೇಕು. ಹಣ ಕೊಟ್ಟು ಬ್ರಿಡ್ಜ್ ಹಾಕಿಸಿಕೊಂಡ ಎಷ್ಟೋ ಮಂದಿಗೆ ಇಂಥದ್ದೊಂದು ದಾರ ಇದೆಯೆಂಬುದೇ ಗೊತ್ತಿರುವುದಿಲ್ಲ. ಇದು ನಮ್ಮ ವೃತ್ತಿಯವರು ಹೇಳದೆ ಬಿಟ್ಟದ್ದರ ಫಲ.

ಮಗಳಿಗೆ ಏಳು ವರ್ಷ. ಅವಳ ಮುಂದಿನ ಹಲ್ಲುಗಳಲ್ಲಿ ಕೆಲವು ಬಿದ್ದಿವೆ, ಕೆಲವು ಅರ್ಧ ಬಂದಿವೆ; ಅಲ್ಲಿ ಬ್ರಶ್ ಸಾಕು. ಹಿಂದಿನ ಎರಡೆರಡು ಹಾಲುದವಡೆ ಹಲ್ಲುಗಳು ಒತ್ತೊತ್ತಾಗಿ ಕೂತಿರುವ ಜಾಗ, ಮತ್ತು ಅವುಗಳ ಹಿಂದೆ ಆರನೇ ವರ್ಷಕ್ಕೆ ಹೊಸದಾಗಿ ಬಂದ ಕಾಯಂ ದವಡೆ ಹಲ್ಲು ತಾಗುವ ಜಾಗ, ನಾಲ್ಕು ಮೂಲೆಗಳಲ್ಲಿ ಸೇರಿ ಎಂಟು ಸಂದುಗಳು, ಇಷ್ಟೇ ಕೆಲಸ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಹಿಡಿಕೆಯಿರುವ ಫ್ಲಾಸ್ ಪಿಕ್ಕನ್ನು ನಾನು ಸಂದಿಗೆ ಇಳಿಸಿದ ಕ್ಷಣಕ್ಕೇ ಅವಳಿಗೆ ಶಾಲೆಯಲ್ಲಿ ನಡೆದ ಅತಿ ಮುಖ್ಯವಾದ ಸಂಗತಿಯೊಂದು ನೆನಪಾಗುತ್ತದೆ. ‘ಆ ಆ’ ಎಂದು ಹೇಳಲು ಶುರುವಾದರೆ ನಿಲ್ಲಿಸಿ ಕೇಳಿಸಿಕೊಂಡು ಮುಂದುವರಿಸುವುದೇ ಬೇಗ ಮುಗಿಸುವ ದಾರಿ.

‘ಮಗು ತಾನೇ ಮಾಡಿಕೊಳ್ಳಲಿ ಬಿಡಿ, ಕಲಿಯುತ್ತೆ’ ಎನ್ನುವವರಿಗೆ 2006ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳ ವಿಮರ್ಶೆಯೊಂದನ್ನು ಹೇಳಬೇಕು. ಶಾಲೆಯಿರುವ ದಿನಗಳಲ್ಲೆಲ್ಲ ತರಬೇತಾದವರೇ ಮಕ್ಕಳ ಹಲ್ಲಿಗೆ ಸುಮಾರು 1.7 ವರ್ಷ ಫ್ಲಾಸ್ ಮಾಡಿದ ಕಡೆ ಹುಳುಕಿನ ಅಪಾಯ ಶೇ. 40ರಷ್ಟು ಕಡಿಮೆಯಾಗಿತ್ತು, ಹದಿಹರೆಯದ ಮಕ್ಕಳ ಕೈಗೇ ದಾರ ಕೊಟ್ಟ ಕಡೆ ಎರಡು ವರ್ಷ ಕಳೆದರೂ ಪ್ರಯೋಜನ ಕಾಣಲಿಲ್ಲ. ದಾರವೇನೋ ಒಂದೇ, ಹಿಡಿದ ಕೈ ಬೇರೆ. ಮಗುವಿಗೆ ಹತ್ತು ವರ್ಷ ತುಂಬುವವರೆಗಾದರೂ ಈ ಕೆಲಸ ಹಿರಿಯರದೇ ಎಂದು ನಾನು ಹೇಳುವುದು ಈ ಕಾರಣಕ್ಕೆ. ಹೇಗೂ ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರೂ ಉಂಟು: ಹಿಂದಿನ ಹಾಲುದವಡೆ ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೆ ಇರಬೇಕಾದವು, ಅವಧಿಗೆ ಮೊದಲೇ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಹೊಸದಕ್ಕೆ ಜಾಗವಿಲ್ಲದಂತೆ ಮಾಡುತ್ತದೆ.

ನಮ್ಮ ಮನೆಯಲ್ಲಿ ಫ್ಲಾಸ್ ಮಾಡದವರು ನನ್ನ ಅತ್ತೆ. ಅವರ ಬಳೆಗೆ ಯಾವಾಗಲೂ ಎರಡು ಸೇಫ್ಟಿ ಪಿನ್ನುಗಳು ನೇತಾಡುತ್ತಿದ್ದವು. ಒಂದು ಸೆರಗಿಗೆ, ಇನ್ನೊಂದು ಊಟವಾದ ಮೇಲೆ ಹಲ್ಲಿನ ಸಂದಿಗೆ. ತುದಿ ಕಪ್ಪಾದ ಆ ಎರಡನೆಯ ಪಿನ್ನನ್ನು ನಾನು ಎಷ್ಟು ಬಾರಿ ಕಿತ್ತು ಎಸೆದರೂ ಮರುದಿನ ಅದರ ತಮ್ಮನೊಂದು ಅಲ್ಲಿ ಹಾಜರಿರುತ್ತಿತ್ತು. ಪಿನ್ನು ವಸಡನ್ನು ಚುಚ್ಚುವುದಷ್ಟೇ ಅಲ್ಲ, ವಸಡು ಇಳಿದು ತೆರೆದುಕೊಂಡ ಬೇರಿನ ಮೃದುವಾದ ಮೇಲ್ಮೈಯನ್ನು ಗೀರುತ್ತದೆ. ಅವರ ಹಲ್ಲುಗಳ ಬುಡದಲ್ಲಿ ಈಗ ತ್ರಿಕೋನಾಕಾರದ ಖಾಲಿ ಜಾಗಗಳಿವೆ. ಅಂಥಲ್ಲಿ ದಾರ ಸುಮ್ಮನೆ ಜಾರಿ ಹೋಗುತ್ತದೆ. ಬೇರಿನ ಪಕ್ಕದ ತಗ್ಗುಗಳಿಗೆ ಅದು ಅಂಟುವುದೇ ಇಲ್ಲ. ಅವರಿಗೆ ಬೇಕಾದದ್ದು ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಶ್. ಬಣ್ಣಬಣ್ಣದ ಅಳತೆಗಳಲ್ಲಿ ಸಿಗುತ್ತದೆ. ಒತ್ತಡವಿಲ್ಲದೆ, ಆದರೆ ಸ್ವಲ್ಪ ಬಿಗಿಯಾಗಿ ಸಂದಿಗೆ ಹೋಗುವುದೇ ಸರಿಯಾದ ಅಳತೆ, ಒಬ್ಬರ ಬಾಯಲ್ಲೇ ಎರಡು ಅಳತೆ ಬೇಕಾಗುವುದೂ ಉಂಟು. ಪಿನ್ನಿನಿಂದ ಬ್ರಶ್ಶಿಗೆ ಅವರು ಬದಲಾದದ್ದು ನನ್ನ ಮಾತಿಗಲ್ಲ, ಪಿನ್ನಿಗಿಂತ ಬೇಗ ಚೂರು ಹೊರಬರುತ್ತದೆ ಎಂದು ಕಂಡದ್ದಕ್ಕೆ.

ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಸಕ್ಕರೆ ಹತೋಟಿ ತಪ್ಪಿದರೆ ವಸಡಿನ ರೋಗ ಬಿರುಸಾಗುತ್ತದೆ, ವಸಡಿನ ಉರಿಯೂತ ಹೆಚ್ಚಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ವಸಡಿನ ಆಳದ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ ಮೂರು, ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಮಟ್ಟ ತಿಳಿಸುವ ಪರೀಕ್ಷೆ) ಸರಾಸರಿ ಸುಮಾರು 0.4 ಶೇಕಡಾ ಅಂಶದಷ್ಟು ಇಳಿದದ್ದನ್ನು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ದಾಖಲಿಸಿದೆ. ಮಧುಮೇಹದ ಡಾಕ್ಟರು ಕಾಲು ನೋಡುತ್ತಾರೆ, ಕಣ್ಣು ನೋಡಿಸಿಕೊಳ್ಳಿ ಎನ್ನುತ್ತಾರೆ. ಬಾಯಿಯ ವಿಚಾರ ಬರುವುದು ಅಪರೂಪ.

ಇಷ್ಟು ಹೇಳಿದ ಮೇಲೆ ‘ಫ್ಲಾಸಿನಿಂದ ಏನೂ ಉಪಯೋಗವಿಲ್ಲವಂತೆ, ಅಮೆರಿಕದಲ್ಲೇ ಕೈಬಿಟ್ಟಿದ್ದಾರಂತೆ’ ಎಂಬ ವಾಟ್ಸಾಪ್ ಸಂದೇಶದ ವಿಷಯವನ್ನೂ ತೆಗೆದುಕೊಳ್ಳಬೇಕು. 2016ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಫ್ಲಾಸಿನ ಪರವಾದ ಪುರಾವೆಗಳು ದುರ್ಬಲವೆಂದು ವರದಿ ಮಾಡಿತು. ಅಮೆರಿಕ ಸರ್ಕಾರದ ಆಹಾರ ಮಾರ್ಗಸೂಚಿಯಿಂದ ಆ ಸಲಹೆ ಅದಾಗಲೇ ಕಾಣೆಯಾಗಿತ್ತು. ವರದಿ ಸುಳ್ಳಲ್ಲ. ಕಾಕ್ರೇನ್‌ನ 2019ರ ವಿಮರ್ಶೆಯೂ ಬ್ರಶ್ಶಿನ ಜತೆ ಫ್ಲಾಸ್ ಅಥವಾ ಇಂಟರ್‌ಡೆಂಟಲ್ ಬ್ರಶ್ ಸೇರಿಸಿದರೆ ವಸಡಿನ ಉರಿಯೂತ ಕಡಿಮೆಯಾಗಬಹುದು ಎಂದಿದೆ, ಆದರೆ ಆ ಪುರಾವೆಯ ಖಚಿತತೆ ಕಡಿಮೆ ಎಂದೂ ಸೇರಿಸಿದೆ. ಬಹುಪಾಲು ಅಧ್ಯಯನಗಳು ಕೆಲವು ವಾರ, ತಿಂಗಳುಗಳವು; ಸಂದಿನ ಹುಳುಕು ಎಕ್ಸ್‌ರೇಯಲ್ಲಿ ಕಾಣುವಷ್ಟು ದೊಡ್ಡದಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಮೇಲಾಗಿ, ಫ್ಲಾಸ್ ಮಾಡುತ್ತೇನೆ ಎನ್ನುವವರು ನಿಜಕ್ಕೂ ಮಾಡುವುದೇನು ಎಂಬುದನ್ನು ನಾನು ನಿತ್ಯ ನೋಡುತ್ತೇನೆ. ‘ಮಾಡಿ ತೋರಿಸಿ’ ಎಂದು ದಾರ ಕೊಟ್ಟರೆ ಹೆಚ್ಚಿನವರು ಅದನ್ನು ಟಕ್ಕೆಂದು ಒತ್ತಿ ಇಳಿಸಿ, ಟಕ್ಕೆಂದು ಮೇಲಕ್ಕೆಳೆದು, ಮುಂದಿನ ಸಂದಿಗೆ ಹೋಗುತ್ತಾರೆ. ಹೀಗೆ ಮಾಡುವುದರಿಂದ ವಸಡಿಗೆ ಪೆಟ್ಟಾಗುತ್ತದೆಯೇ ಹೊರತು ಪ್ಲಾಕ್ ಹೋಗುವುದಿಲ್ಲ. ಪುರಾವೆ ದುರ್ಬಲವೆಂದು ಬಿಟ್ಟವರಿಗಿಂತ ಇವರು ಹೆಚ್ಚು ಲಾಭ ಪಡೆಯುತ್ತಿದ್ದಾರೆ ಎಂದು ನನಗನ್ನಿಸುವುದಿಲ್ಲ.

ಸುಮಾರು 45 ಸೆಂ.ಮೀ. ದಾರ ಕತ್ತರಿಸಿ ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ನಡುವೆ ಎರಡು ಮೂರು ಸೆಂ.ಮೀ. ಮಾತ್ರ ಬಿಗಿಯಾಗಿ ಹಿಡಿದುಕೊಳ್ಳಬೇಕು. ಹಿಂದೆ ಮುಂದೆ ಮೆಲ್ಲಗೆ ಆಡಿಸುತ್ತ ಸಂದಿಗೆ ಇಳಿಸಿ, ಮೊದಲು ಒಂದು ಹಲ್ಲಿಗೆ ಬಾಗಿಸಿ ತಬ್ಬಿಸಿ, ವಸಡಿನ ಅಂಚಿನ ಕೆಳಗೆ ತಡೆ ಸಿಗುವವರೆಗೆ ಇಳಿಸಿ ನಾಲ್ಕಾರು ಬಾರಿ ಮೇಲೆ ಕೆಳಗೆ ಉಜ್ಜಬೇಕು. ಆಮೇಲೆ ಅದೇ ಸಂದಿನಲ್ಲೇ ಪಕ್ಕದ ಹಲ್ಲಿಗೆ ಬಾಗಿಸಿ ಮತ್ತೆ ಉಜ್ಜಬೇಕು. ಹೆಚ್ಚಿನವರು ಬಿಡುವುದು ಈ ಎರಡನೆಯದನ್ನು.

ಹೊಲಿಗೆಯ ದಾರ ಆಗದೇ ಎಂದು ಕೇಳುತ್ತಾರೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ ಎರಡು ಶತಮಾನಗಳ ಹಿಂದೆ ಈ ಪದ್ಧತಿಯನ್ನು ಸಾರಿದಾಗ ಹೇಳಿದ್ದು ಮೇಣ ಸವರಿದ ರೇಷ್ಮೆ ಎಳೆಯನ್ನು. ರೇಷ್ಮೆಯ ಬದಲಿಗೆ ನೈಲಾನ್ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಹತ್ತಿಯ ಹೊಲಿಗೆ ದಾರ ಸಿಬಿರೆದ್ದು ಎಳೆಗಳನ್ನು ವಸಡಿನೊಳಗೇ ಬಿಡುತ್ತದೆ. ದುಡ್ಡಿನ ಚಿಂತೆಯಿದ್ದರೆ 50 ಮೀಟರಿನ ಒಂದು ಡಬ್ಬಿ, ಒಮ್ಮೆಗೆ 45 ಸೆಂ.ಮೀ. ಎಂದರೂ, ಒಬ್ಬರಿಗೆ ಮೂರೂವರೆ ತಿಂಗಳಿಗೂ ಹೆಚ್ಚು ಬರುತ್ತದೆ. ಈ ಲೆಕ್ಕ ನನ್ನ ಗಂಡನದು.

ಮೊದಲ ದಿನಗಳಲ್ಲಿ ರಕ್ತ ಬಂತೆಂದು ಹೆದರಿ ನಿಲ್ಲಿಸುವವರು ಬಹಳ. ಆ ರಕ್ತ ಬರುವುದು ವಸಡು ಮೊದಲೇ ಊದಿಕೊಂಡಿರುವುದರಿಂದ. ಮೃದುವಾಗಿ ಮುಂದುವರಿಸಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಲ್ಲುತ್ತದೆ, ನಿಲ್ಲದಿದ್ದರೆ ತೋರಿಸಬೇಕು. ಬೀಡಿ, ಸಿಗರೇಟು ಸೇದುವವರಿಗೆ ರಕ್ತ ಬರುತ್ತಿಲ್ಲವೆಂದರೆ ಸಮಾಧಾನಪಡುವಂತಿಲ್ಲ, ರೋಗವಿದ್ದರೂ ಅವರ ವಸಡಿನಲ್ಲಿ ರಕ್ತಸ್ರಾವ ಕಡಿಮೆಯೇ. ಫ್ಲಾಸ್ ಮಾಡಿದರೆ, ಹಲ್ಲು ಕ್ಲೀನ್ ಮಾಡಿಸಿದರೆ ಸಂದು ದೊಡ್ಡದಾಗುತ್ತದೆ ಎಂಬ ಭಯವೂ ಇಂಥದ್ದೇ. ಊದಿದ ವಸಡೋ ಗಾರೆಯಂತೆ ಗಟ್ಟಿಯಾದ ಪ್ಲಾಕೋ ತುಂಬಿಕೊಂಡಿದ್ದ ಜಾಗ ತೆರವಾದಾಗ ಮೊದಲೇ ಇದ್ದ ಸಂದು ಕಣ್ಣಿಗೆ ಬೀಳುತ್ತದೆ.

ಒಂದು ವಿಷಯಕ್ಕೆ ಮಾತ್ರ ತಡಮಾಡದೆ ಬನ್ನಿ. ದಾರ ಪ್ರತಿ ಸಲವೂ ಒಂದೇ ಸಂದಿನಲ್ಲಿ ಸಿಬಿರೇಳುತ್ತಿದ್ದರೆ ಅಥವಾ ತುಂಡಾಗುತ್ತಿದ್ದರೆ ಅಲ್ಲಿ ಹುಳುಕಿನ ಚೂಪಾದ ಅಂಚೋ, ಹಳೆಯ ಫಿಲ್ಲಿಂಗಿನ ಹೊರಚಾಚಿದ ತುದಿಯೋ, ಸರಿಯಾಗಿ ಕೂರದ ಕ್ಯಾಪೋ ಇರುವ ಸಂಭವ ಹೆಚ್ಚು. ನನ್ನ ಮೈದುನ ‘ಈ ಕಂಪನಿಯ ದಾರವೇ ಸರಿಯಿಲ್ಲ’ ಎಂದು ಬ್ರಾಂಡ್ ಬದಲಿಸುತ್ತ ಹೋದ. ಎಕ್ಸ್‌ರೇ ತೆಗೆದಾಗ ಮೇಲಿನ ಬಲದವಡೆಯಲ್ಲಿ, ಹೊರಗಿನಿಂದ ಮುತ್ತಿನಂತೆ ಕಾಣುತ್ತಿದ್ದ ಹಲ್ಲಿನ ಪಕ್ಕದಲ್ಲಿ, ನರಕ್ಕೆ ಇನ್ನೂ ತಾಗದ ಕಪ್ಪು ಕುಳಿಯೊಂದು ಕಂಡಿತು. ಸಾದಾ ಫಿಲ್ಲಿಂಗಿನಲ್ಲಿ ಮುಗಿಯಿತು, ರೂಟ್ ಕೆನಾಲ್ ಬೇಕಾಗಲಿಲ್ಲ.